ತಲೆಯಾಡಿಸಿದ್ದು ಒಪ್ಪಿಗೆ ಅಲ್ಲ

ಹೋದ ವಾರ ಕೊನೆಯ ಸಭೆ ಮುಗಿಯಿತು. ಮೊದಲ ಪತ್ರ ಬಂದ ದಿನದಿಂದ ಲೆಕ್ಕ ಹಾಕಿದರೆ 11 ತಿಂಗಳು. ಸಾರ್ವಜನಿಕ ಕಚೇರಿಗಳ ಕೌಂಟರ್ ಸೇವೆ ಹೇಗಿರಬೇಕು ಅಂತ ನಿಯಮ ಬರೆಯುವ ಸಮಿತಿಯೊಂದಕ್ಕೆ ನನ್ನನ್ನು ಕರೆದಿದ್ದರು. ನನಗೆ ಕಿವಿ ಕೇಳಿಸುವುದಿಲ್ಲ, ಕಣ್ಣೂ ಕಾಣಿಸುವುದಿಲ್ಲ. ನಮ್ಮಂಥವರನ್ನು ಡೆಫ್‌ಬ್ಲೈಂಡ್ ಅನ್ನುತ್ತಾರೆ. ನಾಳೆ ಇಂಥ ಸಮಿತಿಗೆ ನಿಮ್ಮನ್ನೂ ಕರೆಯಬಹುದು. ಅಥವಾ ನಮ್ಮಂಥವರನ್ನು ಕರೆಯುವ ಕುರ್ಚಿಯಲ್ಲೇ ನೀವು ಕೂತಿರಬಹುದು. ನಾನು ಎಡವಿದ ಕಡೆ ನೀವು ಎಡವುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನದು ಅಷರ್ ಸಿಂಡ್ರೋಮ್, ಮೊದಲನೇ ಬಗೆಯದು. ಕಿವಿ, ಕಣ್ಣು ಎರಡನ್ನೂ ಬಾಧಿಸುವ ಆನುವಂಶಿಕ ಸ್ಥಿತಿ ಅದು. ಹುಟ್ಟಿನಿಂದಲೇ ಕಿವುಡು. ಹತ್ತು ವರ್ಷದ ಹೊತ್ತಿಗೆ ಸಂಜೆಗತ್ತಲಲ್ಲಿ ಮುಗ್ಗರಿಸಲು ಶುರುವಾಯಿತು. ಆಮೇಲೆ ಅಕ್ಕಪಕ್ಕದ ನೋಟ ಹೋಯಿತು. ಕೊಳವೆಯೊಳಗಿಂದ ನೋಡಿದ ಹಾಗೆ ಇರುತ್ತಿತ್ತು. 34ನೇ ವಯಸ್ಸಿಗೆ ಆ ಕೊಳವೆಯೂ ಮುಚ್ಚಿತು. ಸನ್ನೆ ಭಾಷೆ ನನ್ನ ಮೊದಲ ಭಾಷೆ. ಈಗ ಎದುರಿನವರ ಕೈ ಮೇಲೆ ನನ್ನ ಕೈ ಇಟ್ಟು ಅದೇ ಸನ್ನೆಗಳನ್ನು ಮುಟ್ಟಿ ತಿಳಿದುಕೊಳ್ಳುತ್ತೇನೆ. ಓದುವುದು, ಬರೆಯುವುದು ಎಲ್ಲ ಬ್ರೈಲ್ ಡಿಸ್‌ಪ್ಲೇಯಲ್ಲಿ. ಕಂಪ್ಯೂಟರಿನ ಅಕ್ಷರಗಳನ್ನು ಮುಟ್ಟಿ ಓದುವ ಚುಕ್ಕಿಗಳಾಗಿ ಎಬ್ಬಿಸುವ ಯಂತ್ರ ಅದು. ಅದರಲ್ಲಿ ಒಂದು ಸಲಕ್ಕೆ 40 ಅಕ್ಷರದ ಜಾಗ ಮಾತ್ರ ಬೆರಳಿಗೆ ಸಿಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಪತ್ರ ಇಮೇಲಿನಲ್ಲಿ ಬಂತು. ಇಮೇಲಿನಲ್ಲಿ ಇದ್ದದ್ದು ಒಂದೇ ಸಾಲು, 'ಲಗತ್ತು ನೋಡಿ'. ಲಗತ್ತು ತೆರೆದರೆ ಡಿಸ್‌ಪ್ಲೇಯಲ್ಲಿ ಒಂದು ಚುಕ್ಕಿಯೂ ಏಳಲಿಲ್ಲ. ಯಂತ್ರ ಕೆಟ್ಟಿದೆ ಅಂದುಕೊಂಡು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಯಂತ್ರ ಸರಿಯಾಗೇ ಇತ್ತು. ಅವರು ಪತ್ರ ಪ್ರಿಂಟ್ ಹಾಕಿ, ಸಹಿ ಮಾಡಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಕಳಿಸಿದ್ದರು. ಅಕ್ಷರಗಳನ್ನು ಡಿಸ್‌ಪ್ಲೇಗೆ ಕಳಿಸುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ. ಡೆಫ್‌ಬ್ಲೈಂಡ್ ಪ್ರತಿನಿಧಿಯನ್ನು ಕರೆಯುವ ಪತ್ರ, ಅದನ್ನು ಓದುವುದಕ್ಕೆ ಕಣ್ಣು ಬೇಕು! ಅಕ್ಕ ಬಂದು ಕೈಗೆ ಓದಿ ಹೇಳಿದಾಗ ನಾಲ್ಕು ದಿನ ಕಳೆದಿತ್ತು. ಉತ್ತರ ಕೊಡಲು ಇದ್ದದ್ದು ಏಳು ದಿನ. ಜೊತೆಗೆ 84 ಪುಟದ ಕರಡು. ಬ್ರೈಲ್‌ಗೆ ಇಳಿಸಿದರೆ ಒಂದು ಪುಟ ಎರಡೋ ಮೂರೋ ಪುಟವಾಗುತ್ತದೆ. ಡಿಸ್‌ಪ್ಲೇಯಲ್ಲಾದರೆ 40 ಅಕ್ಷರ, ಗುಂಡಿ ಒತ್ತು, ಮತ್ತೆ 40 ಅಕ್ಷರ. ನಾನು ಬ್ರೈಲ್ ಕರಡು ತಿದ್ದುವ ಕೆಲಸದಲ್ಲಿರುವವಳು, ಬೆರಳು ಚುರುಕು. ಆದರೂ ಅದನ್ನು ಸರಿಯಾಗಿ ಓದಲು ನನಗೆ ಮೂರು ವಾರ ಬೇಕು.

ಇಲ್ಲಿ ಒಂದು ತಪ್ಪು ಮಾಡಿದೆ. ಕರೆದಿದ್ದೇ ದೊಡ್ಡದು, ತಕರಾರು ಮಾಡಿದರೆ ಬಿಟ್ಟುಬಿಟ್ಟಾರು ಅಂತ ಹೆದರಿ 'ಬರುತ್ತೇನೆ' ಅಂದೆ. ಹಾಗೆ ಮಾಡಬೇಡಿ. ಒಪ್ಪಿಗೆ ಕೊಡುವ ಪತ್ರದಲ್ಲೇ ನಿಮಗೆ ಏನೇನು ಬೇಕು ಅಂತ ಬರೆದುಬಿಡಿ. ನಾನು ಆಮೇಲೆ ಬರೆದದ್ದು ಇಷ್ಟು: ಕಾಗದಪತ್ರ ಎಲ್ಲ ಟೈಪ್ ಮಾಡಿದ ಫೈಲಿನಲ್ಲಿ, ಸಭೆಗೆ ನಾಲ್ಕು ವಾರ ಮುಂಚೆ. ಇಬ್ಬರು ಇಂಟರ್‌ಪ್ರಿಟರ್, ಅಂದರೆ ಸಭೆಯ ಮಾತನ್ನು ಸನ್ನೆ ಮಾಡಿ ನನ್ನ ಕೈಗೆ ದಾಟಿಸುವವರು; ಅವರಿಗೂ ಕರಡು ಮುಂಚೆಯೇ. 45 ನಿಮಿಷಕ್ಕೊಮ್ಮೆ ವಿರಾಮ. ಹೋಗಿಬರುವ ದಾರಿಯಲ್ಲಿ ಜೊತೆಗೆ ಒಬ್ಬರು. ಇದರಲ್ಲಿ ಅತಿಯಾಸೆ ಏನೂ ಇಲ್ಲ, ಅಲ್ವಾ?

ಅವರಿಂದ ಬಂದ ಉತ್ತರ: 'ಒಬ್ಬರು ಇಂಟರ್‌ಪ್ರಿಟರ್ ಸಾಕಲ್ಲವೇ? ಬೇರೆ ಕಿವುಡ ಸದಸ್ಯರಿಗೂ ಒಬ್ಬರನ್ನೇ ಕೊಟ್ಟಿದ್ದೇವೆ.'

ಸಾಕಾಗುವುದಿಲ್ಲ. ಸ್ಪರ್ಶ ಸನ್ನೆಯಲ್ಲಿ ಹೇಳುವವರ ತೋಳು ನನ್ನ ಕೈಯ ಭಾರವನ್ನೂ ಹೊರುತ್ತದೆ. ಮಾತಿನ ಜೊತೆ ಯಾರು ಮಾತಾಡುತ್ತಿದ್ದಾರೆ, ಯಾರು ನಕ್ಕರು, ಯಾರು ಎದ್ದು ಹೋದರು ಅನ್ನುವುದನ್ನೂ ದಾಟಿಸಬೇಕು. ಇಪ್ಪತ್ತು ನಿಮಿಷಕ್ಕೆ ಹೇಳುವವರು ಬದಲಾಗದಿದ್ದರೆ ಅವರ ಬೆರಳು ಮಂಕಾಗುತ್ತದೆ. ಮಂಕಾದದ್ದು ನನಗೆ ತಕ್ಷಣ ಗೊತ್ತಾಗುತ್ತದೆ. ಸನ್ನೆ ಚಿಕ್ಕದಾಗುತ್ತದೆ, ಅಂಚು ಸವೆಯುತ್ತದೆ.

ಮೊದಲ ಸಭೆಗೆ ಅವರ ಲೆಕ್ಕದ ಒಬ್ಬರ ಜೊತೆಗೇ ಹೋದೆ. ಮೇಜಿನ ಸುತ್ತ 14 ಜನ. ಎರಡೂವರೆ ಗಂಟೆ. ಮೊದಲ 40 ನಿಮಿಷ ಚೆನ್ನಾಗಿತ್ತು. ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಪಾಪ, ನನ್ನ ಇಂಟರ್‌ಪ್ರಿಟರ್ ಒಂದು ಮಾತು ಹಿಡಿದರೆ ಮೂರು ಬಿಟ್ಟುಹೋಗುತ್ತಿದ್ದವು. ಮಾತು ನನ್ನ ಕೈಗೆ ತಲುಪುವ ಹೊತ್ತಿಗೆ ಸಭೆ ಮುಂದಿನ ಸ್ಟಾಪಿಗೆ ಹೋಗಿರುತ್ತಿತ್ತು. ಮೂರನೇ ವಿಷಯಕ್ಕೆ ನಾನು ಕೈ ಎತ್ತಿದಾಗ ಅವರು ಐದನೆಯದರಲ್ಲಿದ್ದರು. 'ಅದು ಮುಗಿಯಿತಲ್ಲ, ಅವರಿಗೆ ಹೇಳಿ' ಅಂದರಂತೆ ಅಧ್ಯಕ್ಷರು. 'ಅವರಿಗೆ ಹೇಳಿ.' ನಾನು ಅಲ್ಲೇ, ಎರಡು ಕುರ್ಚಿ ಆಚೆ ಕೂತಿದ್ದೆ.

ಎರಡು ವಾರದ ಮೇಲೆ ನಡಾವಳಿ ಬಂತು. ಈ ಸಲ ಟೈಪ್ ಮಾಡಿದ ಫೈಲು, ಅಷ್ಟು ಸುಧಾರಣೆ. ಓದುತ್ತಾ ಹೋದೆ. ಆರನೇ ಅಂಶ: ಟೋಕನ್ ವ್ಯವಸ್ಥೆ. ಸರತಿಯ ನಂಬರನ್ನು ಬೋರ್ಡಿನ ಮೇಲೆ ತೋರಿಸುವುದು, ಮೈಕಿನಲ್ಲೂ ಕೂಗುವುದು. ಕೊನೆಯ ಸಾಲು: 'ಡೆಫ್‌ಬ್ಲೈಂಡ್ ಪ್ರತಿನಿಧಿಯವರು ಸಮ್ಮತಿ ಸೂಚಿಸಿದರು.'

ನಾನು ಆ ಸಾಲನ್ನು ನಾಲ್ಕು ಸಲ ಸವರಿದೆ. ಕಾಣದ, ಕೇಳದ ನಾನು, ಬೋರ್ಡು ನೋಡಿ ಅಥವಾ ಮೈಕು ಕೇಳಿ ಸರತಿ ತಿಳಿದುಕೊಳ್ಳುವುದಕ್ಕೆ ಒಪ್ಪಿದ್ದೇನಂತೆ! ಇಂಟರ್‌ಪ್ರಿಟರ್‌ಗೆ ಬರೆದು ಕೇಳಿದೆ. ಅವಳಿಗೂ ಗಲಿಬಿಲಿ. ಇಬ್ಬರೂ ಆ ಹೊತ್ತನ್ನು ನೆನಪು ಮಾಡಿಕೊಂಡು ನೋಡಿದಾಗ ಹೊಳೆಯಿತು. ಕೈಯಲ್ಲಿ ಮಾತು ಬರುತ್ತಿರುವಾಗ ನಾನು ತಲೆಯಾಡಿಸುತ್ತಿರುತ್ತೇನೆ. 'ಸಿಕ್ಕಿತು, ಮುಂದೆ ಹೇಳು' ಅಂತ ಅವಳಿಗೆ ಕೊಡುವ ಸೂಚನೆ ಅದು, ಫೋನಿನಲ್ಲಿ ನೀವು 'ಹೂಂ, ಹೂಂ' ಅನ್ನುತ್ತೀರಲ್ಲ, ಹಾಗೆ. ನಡಾವಳಿ ಬರೆಯುವವರು ಅದನ್ನು ನೋಡಿ ಒಪ್ಪಿಗೆ ಅಂತ ಬರೆದುಕೊಂಡಿದ್ದರು. ಯಾರಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಅದಕ್ಕೇ ನನಗೆ ಜಾಸ್ತಿ ಭಯವಾಯಿತು.

ತಿದ್ದುಪಡಿ ಕೇಳಬೇಕಾದರೆ ಜಾಲತಾಣದ ಆಕ್ಷೇಪಣೆ ಫಾರ್ಮು ತುಂಬಬೇಕು. ತುಂಬಿದೆ. ಕೊನೆಯಲ್ಲಿ ಕ್ಯಾಪ್ಚಾ. ಚಿತ್ರದಲ್ಲಿರುವ ಅಕ್ಷರ ಟೈಪ್ ಮಾಡಿ. ಕಾಣಿಸದಿದ್ದರೆ ಇಲ್ಲಿ ಒತ್ತಿ ಕೇಳಿಸಿಕೊಳ್ಳಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುರುಡರಿಗೆ ಧ್ವನಿ ಇಟ್ಟಿದ್ದಾರೆ, ಕಿವುಡರಿಗೆ ಚಿತ್ರ ಇದೆ, ಎಲ್ಲರನ್ನೂ ನೋಡಿಕೊಂಡೆವು ಅಂತ ಯಾರೋ ಸಮಾಧಾನ ಪಟ್ಟಿದ್ದಾರೆ. ಟೋಕನ್ ಬೋರ್ಡಿನದೂ ಇದೇ ಕಥೆ. ಕಣ್ಣಿನ ಕೊರತೆಯನ್ನು ಕಿವಿ ತುಂಬುತ್ತದೆ, ಕಿವಿಯದನ್ನು ಕಣ್ಣು ತುಂಬುತ್ತದೆ ಅನ್ನುವ ಲೆಕ್ಕ ನಮ್ಮ ಹತ್ತಿರ ಬಂದಾಗ ಕೈಕೊಡುತ್ತದೆ. ಅಷ್ಟರಲ್ಲಿ ಪುಟದ ಸಮಯ ಮುಗಿದು ತುಂಬಿದ್ದೆಲ್ಲ ಅಳಿಸಿಹೋಯಿತು. ಕಾಗದದಲ್ಲಿ ಟೈಪ್ ಮಾಡಿ ಅಂಚೆಯಲ್ಲಿ ಕಳಿಸಿದೆ. ನೀವೂ ಅಂಚೆಯ ದಾರಿಯನ್ನು ಮರೆಯಬೇಡಿ, ರಸೀದಿ ಇಟ್ಟುಕೊಳ್ಳಿ.

ಆ ಪತ್ರದಲ್ಲಿ ಕಾನೂನಿನ ಮಾತನ್ನೂ ಸೇರಿಸಿದೆ. ಅದು ಕೆಲಸ ಮಾಡಿತು, ಆದ್ದರಿಂದ ನಿಮಗೂ ಹೇಳುತ್ತೇನೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2008ರಲ್ಲಿ ಜಾರಿಗೆ ಬಂತು. ಅದರ 4ನೇ ವಿಧಿಯ 3ನೇ ಭಾಗ ಓದಿ. ಅಂಗವಿಕಲರಿಗೆ ಸಂಬಂಧಿಸಿದ ಕಾನೂನು, ನೀತಿ ಮಾಡುವಾಗ ಅವರ ಸಂಘಟನೆಗಳ ಮೂಲಕ ಅವರನ್ನು ಹತ್ತಿರದಿಂದ ಕೇಳಬೇಕು, ಕೆಲಸದಲ್ಲಿ ಸೇರಿಸಿಕೊಳ್ಳಬೇಕು ಅನ್ನುತ್ತದೆ. ಈ ಮಾತಿಗೆ ಏನರ್ಥ ಅಂತ 2018ರಲ್ಲಿ ಆ ಒಡಂಬಡಿಕೆಯ ಸಮಿತಿಯೇ 7ನೇ ಸಾಮಾನ್ಯ ಟಿಪ್ಪಣಿಯಲ್ಲಿ ಬಿಡಿಸಿ ಹೇಳಿದೆ. ನೆಪಮಾತ್ರಕ್ಕೆ ಕರೆದರೆ ಸಾಲದು. ಕೇಳಿದ ಮೇಲೆ ಏನು ತೀರ್ಮಾನ ಆಯಿತು, ಯಾಕೆ ಅನ್ನುವುದನ್ನೂ ತಿಳಿಸಬೇಕು ಅಂತ ಅದರಲ್ಲಿದೆ. ಈ 'ಯಾಕೆ' ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಉತ್ತರಕ್ಕೆ ಏಳು ವಾರ ಕಾದೆ. ಆ ಏಳು ವಾರ ನಾನು ಚೆನ್ನಾಗಿರಲಿಲ್ಲ. ನನ್ನ ಹೆಸರಿನಲ್ಲಿ ಒಂದು ತಪ್ಪು ಒಪ್ಪಿಗೆ ಕಡತದಲ್ಲಿ ಕೂತಿದೆ ಅನ್ನುವುದು ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಬಿಟ್ಟುಬಿಡು ಅಂದಳು ಅಕ್ಕ. ಬಿಡುವ ಮನಸ್ಸೂ ಇತ್ತು.

ಕೊನೆಗೆ ಇಬ್ಬರು ಇಂಟರ್‌ಪ್ರಿಟರ್ ಅಂತ ಒಪ್ಪಿ ಪತ್ರ ಬಂತು. ಕಚೇರಿಯ ಒಬ್ಬರು ಖುದ್ದಾಗಿ ಭೇಟಿಗೆ ಕರೆದು, ನಯವಾಗಿಯೇ ಕೇಳಿದರು: 'ಮೇಡಂ, ಬೇಸರ ಮಾಡ್ಕೋಬೇಡಿ. ನಿಮ್ಮಂಥವರು ಎಷ್ಟು ಜನ ಇರಬಹುದು?' ಇಂಥ ಪ್ರಶ್ನೆ ನಿಮಗೂ ಬಂದೇ ಬರುತ್ತದೆ, ಉತ್ತರ ಕಿಸೆಯಲ್ಲಿರಲಿ. ವಿಶ್ವ ಡೆಫ್‌ಬ್ಲೈಂಡ್ ಒಕ್ಕೂಟ 2018ರಲ್ಲಿ ತನ್ನ ಮೊದಲ ಜಾಗತಿಕ ವರದಿ ತಂದಿತು. ಅದರ ಅಂದಾಜಿನಲ್ಲಿ ಜನಸಂಖ್ಯೆಯ ಶೇಕಡಾ 0.2ರಿಂದ 2ರಷ್ಟು ನಾವಿದ್ದೇವೆ. ತೀವ್ರವಾಗಿ ಇರುವವರನ್ನಷ್ಟೇ ಎಣಿಸಿದರೆ ಮೊದಲ ಅಂಕಿ, ಕಡಿಮೆ ಪ್ರಮಾಣದ್ದನ್ನೂ ಸೇರಿಸಿದರೆ ಎರಡನೆಯದು. ಬಹುಪಾಲು ಮಂದಿ ವಯಸ್ಸಾದ ಮೇಲೆ ಈ ಸ್ಥಿತಿಗೆ ಬಂದವರು. 'ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು, ಅವರಿಗೆ ಈ ಹೆಸರು ಗೊತ್ತಿಲ್ಲ ಅಷ್ಟೇ' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು ಅಂತ ಇಂಟರ್‌ಪ್ರಿಟರ್ ನನ್ನ ಕೈಗೆ ಹೇಳಿದಳು.

ಎರಡನೇ ಸಭೆಗೆ ಅರ್ಧ ಗಂಟೆ ಮುಂಚೆ ಹೋದೆವು. ಒಬ್ಬಳು ನನ್ನ ಬೆನ್ನ ಮೇಲೆ ಕೋಣೆಯ ನಕ್ಷೆ ಬರೆದಳು: ಇಲ್ಲಿ ಬಾಗಿಲು, ಇಲ್ಲಿ ಉದ್ದ ಮೇಜು, ಇಲ್ಲಿ ಅಧ್ಯಕ್ಷರು. ಕೈ ಮಾತಿನಲ್ಲಿ ತೊಡಗಿರುವಾಗ ಬೆನ್ನು, ತೋಳು ಬಿಡುವಾಗಿರುತ್ತವಲ್ಲ. ಅಲ್ಲಿ ಚಿಕ್ಕ ಚಿಕ್ಕ ಗುರುತು ಒತ್ತಿ ಕೋಣೆಯ ಸುದ್ದಿ ಹೇಳುವ ಪದ್ಧತಿ ಇದೆ, ಹ್ಯಾಪ್ಟಿಕ್ ಸೂಚನೆ ಅನ್ನುತ್ತಾರೆ. ಅಧ್ಯಕ್ಷರ ಹತ್ತಿರ ಹೋಗಿ ಕೈ ಕುಲುಕಿ ನಾಲ್ಕು ನಿಯಮ ಕೇಳಿಕೊಂಡೆ. ಒಬ್ಬೊಬ್ಬರೇ ಮಾತಾಡಲಿ. ಮಾತಾಡುವ ಮುಂಚೆ ಹೆಸರು ಹೇಳಲಿ. ನನ್ನನ್ನೇ 'ನೀವು' ಅನ್ನಿ, ಇಂಟರ್‌ಪ್ರಿಟರ್‌ಗೆ 'ಅವರಿಗೆ ಹೇಳಿ' ಅನ್ನಬೇಡಿ. ಪ್ರತಿ ಅಂಶ ಮುಗಿಸುವ ಮುಂಚೆ ನನ್ನನ್ನು ಕೇಳಿ, ನಾನು ಬಾಯಿಂದಲೋ ಕೈಯಿಂದಲೋ 'ಒಪ್ಪಿದೆ' ಅಂದರೆ ಮಾತ್ರ ಹಾಗೆ ಬರೆದುಕೊಳ್ಳಿ. ತಲೆಯಾಡಿಸುವ ವಿಷಯವನ್ನೂ ವಿವರಿಸಿದೆ. ಅವರ ಕೈ ಗಟ್ಟಿಯಾಗಿ ನನ್ನ ಕೈ ಹಿಡಿಯಿತು. ಕೆಲವರ ಕೈ ಸುಳ್ಳು ಹೇಳುವುದಿಲ್ಲ.

ಎರಡು ಗಂಟೆಯ ಸಭೆ ನಾಲ್ಕು ಗಂಟೆ ಹಿಡಿಯಿತು. ಮಧ್ಯದಲ್ಲಿ ನನ್ನ ಬೆನ್ನ ಮೇಲೆ ಸುದ್ದಿ ಬಂತು: ಎಡಗಡೆಯವರೊಬ್ಬರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಾರೆ. ನೋಡಲಿ ಬಿಡಿ. ಟೋಕನ್ ವಿಷಯಕ್ಕೆ ಬಂದಾಗ ನಾನು ಭಾಷಣ ಮಾಡಲಿಲ್ಲ. 'ಎಲ್ಲರೂ ಕಣ್ಣು ಮುಚ್ಚಿ, ಕಿವಿಗೆ ಬೆರಳಿಡಿ. ನಿಮ್ಮ ಸರತಿ ಬಂದಾಗ ಹೇಗೆ ಗೊತ್ತಾಗಬೇಕು?' ಅಂದೆ. ಯಾರೋ ಒಬ್ಬರು ಕೊನೆಗೆ ಅಂದರು: 'ಯಾರಾದರೂ ಬಂದು ಮುಟ್ಟಿ ಹೇಳಬೇಕು.' ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಆದರೆ ಇಂಥ ಪ್ರಯೋಗವನ್ನು ನಾನು ಇನ್ನೊಮ್ಮೆ ಮಾಡುವುದಿಲ್ಲ. ಎರಡು ನಿಮಿಷ ಕಣ್ಣು ಮುಚ್ಚಿದವರು ನಮ್ಮ ಬದುಕೇ ತಿಳಿಯಿತು ಅಂದುಕೊಂಡು ಮರುಕ ಪಡುತ್ತಾರೆ. ಆವತ್ತು ಒಬ್ಬರು ವಿರಾಮದಲ್ಲಿ ಬಂದು ನನ್ನ ತಲೆ ಸವರಿ ಹೋದರು. ನನಗೆ 41 ವರ್ಷ.

ಆ ಹೊತ್ತಿಗೆ ನನಗೇ ಒಂದು ವಿಷಯ ಚುಚ್ಚತೊಡಗಿತ್ತು. ನಾನೊಬ್ಬಳೇ 'ಡೆಫ್‌ಬ್ಲೈಂಡ್ ಪ್ರತಿನಿಧಿ' ಆಗಿದ್ದು ಹೇಗೆ? ನನಗೆ ಭಾಷೆ ಇದೆ, ಬ್ರೈಲ್ ಇದೆ, ಕೆಲಸ ಇದೆ. ಇಲ್ಲದವರ ಮಾತು ಯಾರು ಆಡುವುದು? ಹಟ ಹಿಡಿದು ಇನ್ನಿಬ್ಬರನ್ನು ಸೇರಿಸಿದೆ. ಒಬ್ಬರು 76ರ ಹಿರಿಯರು. ಅರವತ್ತು ದಾಟಿದ ಮೇಲೆ ಎರಡೂ ಹೋದವು. ಸನ್ನೆಯೂ ಬಾರದು, ಬ್ರೈಲೂ ಬಾರದು. ಅಂಗೈ ಮೇಲೆ ಒಂದೊಂದೇ ಅಕ್ಷರ ಬೆರಳಿನಿಂದ ಬರೆಯಬೇಕು. 'ನಾನು ಡೆಫ್‌ಬ್ಲೈಂಡ್ ಅಲ್ಲ, ಮುದುಕ ಅಷ್ಟೇ' ಅನ್ನುತ್ತಿದ್ದರು. ಅವರಿಗೆ ಮೇಜಿನ ಸುತ್ತ ಕೂರಿಸುವ ಸಭೆ ಹೊಂದುವುದೇ ಇಲ್ಲ ಅಂತ ಬೇಗ ತಿಳಿಯಿತು. ಆಮೇಲೆ ಒಬ್ಬರು ಮೂರು ಪ್ರಶ್ನೆ ಇಟ್ಟುಕೊಂಡು ಅವರ ಮನೆಗೆ ಹೋಗಿ, ಒಂದು ಮಧ್ಯಾಹ್ನವೆಲ್ಲ ಕೂತು, ಉತ್ತರ ಬರೆದುಕೊಂಡು ಬಂದರು. ಕೌಂಟರಿನವರು ಜಾಗ ಬಿಟ್ಟು ಎದ್ದು ಬರಬಹುದು ಅಂತ ನಿಯಮದಲ್ಲೇ ಇರಬೇಕು, ಇಲ್ಲದಿದ್ದರೆ ಬಯ್ಗುಳ ತಿನ್ನುವ ಭಯಕ್ಕೆ ಯಾರೂ ಏಳುವುದಿಲ್ಲ. ಇದು ಅವರ ಮಾತು. ಇಡೀ ಕರಡಿನಲ್ಲಿ ನನಗೆ ಅತಿ ಮುಖ್ಯ ಅನಿಸಿದ ಮಾತು ಅದೇ.

ಇನ್ನೊಬ್ಬ 19ರ ಹುಡುಗ, ಹುಟ್ಟಿನಿಂದಲೇ ಎರಡೂ ಇಲ್ಲ. ಪದಗಳಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಅವನಮ್ಮ ಅವನ ಪರವಾಗಿ ಹೇಳಲು ಸಿದ್ಧರಿದ್ದರು. ಅವರಿಗೆ ಅವನ ವಿಷಯ ಗೊತ್ತು ನಿಜ, ಆದರೆ ಅವರು ಅವನಲ್ಲ. ಸಭೆ ಬಿಟ್ಟು ಒಂದು ಕಚೇರಿಗೇ ಹೋದೆವು, ಜನ ಇಲ್ಲದ ಹೊತ್ತಿನಲ್ಲಿ. ಬಾಗಿಲಿನಿಂದ ಕೌಂಟರಿನ ತನಕ ಅವನನ್ನು ಅವನ ಪಾಡಿಗೆ ನಡೆಯಲು ಬಿಟ್ಟೆವು. ಸರತಿ ಬಂದಾಗ ನಡುಗುವ ಟೋಕನ್ ಒಂದನ್ನು ಯಾರೋ ತಂದಿದ್ದರು. ನನಗೆ ಅದು ಬಹಳ ಇಷ್ಟವಾಗಿತ್ತು. ಅವನ ಕೈಯಲ್ಲಿ ಅದು ಗುರ್ರ್ ಅಂದಾಗ ಅವನು ಅದನ್ನು ಎಸೆದ. ಮತ್ತೆ ಕೊಟ್ಟರೆ ಮತ್ತೆ ಎಸೆದ. ಆದರೆ ಕಂಬದ ಮೇಲೆ ಸುತ್ತಿದ್ದ ಒರಟು ಹಗ್ಗವನ್ನು ತಾನಾಗಿಯೇ ಹುಡುಕಿ ಹಿಡಿದು ಅಲ್ಲೇ ನಿಂತ. ಮೂರು ಸಲ ಕರೆದುಕೊಂಡು ಹೋದಾಗಲೂ ಹಗ್ಗದ ಹತ್ತಿರವೇ ನಿಂತ. ಇದನ್ನೂ ಅಭಿಪ್ರಾಯ ಅಂತ ಬರೆದುಕೊಳ್ಳಿ ಅಂದೆ. ಬರೆದುಕೊಂಡರು. ಕಾಯುವ ಜಾಗವನ್ನು ಮುಟ್ಟಿದರೆ ಗುರುತು ಸಿಗುವ ಹಾಗೆ ಮಾಡಬೇಕು ಅನ್ನುವ ಸಾಲು ಕರಡಿಗೆ ಬಂದದ್ದು ಹಾಗೆ.

ಖರ್ಚಿನ ವಿಷಯ. ಮೊದಲ ಸಭೆಯದು ನನ್ನ ಕೈಯಿಂದಲೇ ಹೋಯಿತು. ಇಂಟರ್‌ಪ್ರಿಟರ್ ಫೀಸು, ಇಬ್ಬರ ಪ್ರಯಾಣ, ಒಂದು ದಿನದ ರಜೆ ಎಲ್ಲ ಸೇರಿ ಒಂದು ತಿಂಗಳ ಸಂಬಳದ ಮೂರನೇ ಒಂದು ಭಾಗ. ಆ ಮೇಜಿನ ಸುತ್ತ ಕೂತ ಉಳಿದವರಿಗೆ ಅದು ಸಂಬಳದ ದಿನ. ಬಿಲ್ಲು ಹಾಕುವ ಫಾರ್ಮಿನಲ್ಲಿ ಇಂಟರ್‌ಪ್ರಿಟರ್‌ಗೆ ಕಾಲಂ ಇಲ್ಲ. 'ಇತರೆ' ಅಂತ ಹಾಕಿದೆ, ವಿವರಣೆ ಸಾಲದು ಅಂತ ವಾಪಸ್ ಬಂತು. ಮೂರನೇ ಸಲ ಪಾಸಾಯಿತು. ನೀವು ಹೋಗುವ ಮುಂಚೆಯೇ ಹಣ ಯಾರು ಕೊಡುತ್ತಾರೆ, ಯಾವಾಗ, ಕರಡು ಓದಿ ಸಿದ್ಧವಾಗುವ ಸಮಯಕ್ಕೂ ಇಂಟರ್‌ಪ್ರಿಟರ್‌ಗೆ ಫೀಸು ಇದೆಯೇ ಅಂತ ಬರಹದಲ್ಲಿ ತರಿಸಿಕೊಳ್ಳಿ. ಬಾಯಿಮಾತು ನಂಬಿ ನಾನು ಕೆಟ್ಟೆ.

ಕೊನೆಯ ಸಭೆಯಲ್ಲಿ ಕರಡು ಅಂತಿಮವಾಯಿತು. ಏನು ಸಿಕ್ಕಿತು ಅಂದರೆ: ನಿಯಮದ ಮೊದಲ ಭಾಗದಲ್ಲೇ ಡೆಫ್‌ಬ್ಲೈಂಡ್ ಅನ್ನುವುದನ್ನು ಬೇರೆಯದೇ ಅಂಗವೈಕಲ್ಯ ಅಂತ ಹೆಸರಿಸಿದ್ದಾರೆ, 'ಕಿವುಡರು, ಕುರುಡರು ಇತ್ಯಾದಿ' ಒಳಗೆ ಮುಳುಗಿಸಿಲ್ಲ. ಸರತಿ ಬಂದಾಗ ಸಿಬ್ಬಂದಿ ಎದ್ದು ಬಂದು ತೋಳು ಮುಟ್ಟಿ ತಿಳಿಸಬೇಕು. ನಡುಗುವ ಟೋಕನ್ ಬೇಕೆಂದವರಿಗೆ ಕೊಡಬೇಕು. ಕ್ಯಾಪ್ಚಾ ಬದಲು ಇಮೇಲಿಗೆ ಕೋಡ್ ಬರುತ್ತದೆ. ಸಿಗದೇ ಹೋದದ್ದು ದೊಡ್ಡದು: ಕಚೇರಿಗೆ ಬರುವವರಿಗೆ ಇಂಟರ್‌ಪ್ರಿಟರ್ ಒದಗಿಸುವ ನಿಧಿ. ತಿರಸ್ಕರಿಸಿದ್ದಕ್ಕೆ ಕಾರಣವನ್ನು ಬರಹದಲ್ಲಿ ಕೇಳಿದೆ, ಆ 2018ರ ಟಿಪ್ಪಣಿ ತೋರಿಸಿ. ಎರಡು ಪುಟ ಕೊಟ್ಟರು. 'ಈ ವರ್ಷದ ಬಜೆಟ್ ಅಂದಾಜಿನಲ್ಲಿ ಇಲ್ಲ' ಅನ್ನುವುದೇ ಅದರ ಸಾರ. ಇರಲಿ, ಮುಂದಿನ ವರ್ಷ ಯಾವ ಬಾಗಿಲು ತಟ್ಟಬೇಕು ಅಂತ ಆ ಎರಡು ಪುಟದಿಂದಲೇ ಗೊತ್ತಾಯಿತು.

ಆವತ್ತು ನಡಾವಳಿ ಬರೆಯುವವರು ಪ್ರತಿ ಅಂಶಕ್ಕೂ ಎದ್ದು ಬಂದು ನನ್ನ ಭುಜ ಮುಟ್ಟಿ, ನನ್ನ ಉತ್ತರ ಬರುವ ತನಕ ನಿಂತಿದ್ದರು. 12 ಅಂಶಕ್ಕೆ 12 ಸಲ. ಮನೆಗೆ ಬಂದು ನಡಾವಳಿ ತೆರೆದರೆ ಚುಕ್ಕಿಗಳು ಎದ್ದವು, ಎಲ್ಲ ಸರಿಯಾಗಿತ್ತು. ಎರಡನೇ ಸಭೆಯ ಹಣ ಬಂದಿದೆ. ಮೂರನೆಯದರ ಬಿಲ್ಲು ವಿವರಣೆ ಸಾಲದು ಅಂತ ನಿನ್ನೆ ವಾಪಸ್ ಬಂತು.